ದೊಡ್ಡ ಮನೆಯ ಸೆಳೆತ, ಸಣ್ಣ ಊರಿನ ಚುಕ್ಕಿಗಳು

ನನಗೊಬ್ಬ ಮೊಮ್ಮಗಳಿದ್ದಾಳೆ. ಇದ್ದಾಳೆ ಎಂದು ಬರೆಯುವಾಗಲೇ ಕೈ ಕುಣಿಯುತ್ತದೆ, ಅಕ್ಷರ ಸಾಲು ಬಿಟ್ಟು ಮೇಲೆ ಹತ್ತುತ್ತದೆ. ನನ್ನ ಮಗನ ಮಗಳು. ಗುಲ್ಬರ್ಗದಲ್ಲಿ ಎಂ.ಎಸ್ಸಿ. ಓದುತ್ತಿದ್ದವಳು ಬೇಸಿಗೆ ರಜೆಗೆ ಹುಮನಾಬಾದಿಗೆ ಬಂದಾಗ ನನ್ನ ಮಗ್ಗುಲಲ್ಲಿ ಕುಳಿತು, ಆಕಾಶದಲ್ಲಿ ಚುಕ್ಕಿ ಹುಟ್ಟುವುದು ಹೇಗೆ, ಹುಟ್ಟುವುದು ನಿಂತುಹೋಗುವುದು ಹೇಗೆ ಎಂದು ನನಗೆ ತಿಳಿಯುವ ಹಾಗೆ ಹೇಳಿದಳು. ನನಗೆ! ಮಗನ ಅಂಕಲಿಪಿಯಲ್ಲಿ ಅಕ್ಷರ ಕಲಿತವಳಿಗೆ! ಅವಳ ಬಾಯಿಂದ ಬಂದ ಮಾತು ಒಂದೂ ನೆಲಕ್ಕೆ ಬೀಳದ ಹಾಗೆ ಸೆರಗೊಡ್ಡಿ ಹಿಡಿದುಕೊಂಡೆ ಅನ್ನಿ.

ಆದರೆ ಆ ಬೇಸಿಗೆ ಸುಖದ್ದಾಗಿರಲಿಲ್ಲ. ಅವಳು ಒಂದು ದೊಡ್ಡ ಬರಹ ಬರೆದು ಮುಗಿಸಿ, ರಜೆ ಕಳೆದ ಮೇಲೆ ಮೇಷ್ಟ್ರುಗಳ ಎದುರು ನಿಂತು ಅದನ್ನು ವಿವರಿಸಬೇಕಿತ್ತು. ಅವಳು ಬಂದು ಪೆಟ್ಟಿಗೆ ಇಳಿಸುವ ಮೊದಲೇ ನನ್ನ ಮಗ ಅವಳಿಗೆ ಹೇಳಿಬಿಟ್ಟಿದ್ದ:

"ನೋಡವಾ, ಓದು ಬಿಡಸು ಅಂತ ಮನ್ಯಾಗಿನ ಹಿರೇರು ನನ್ನ ತಲಿ ತಿನ್ನಾಕತ್ತಾರ. ಈ ವರ್ಷ ಪಾಸಾದ್ರ ಮುಂದಿಂದು ವಿಚಾರ ಮಾಡೂಣು. ಇಲ್ಲಂದ್ರ ಓದು ಇಲ್ಲಿಗೇ ಸಾಕು."

ಅವಳಿಗೆ ಮುಂದೆಯೂ ಓದಬೇಕು, ಚುಕ್ಕಿಗಳನ್ನೇ ಓದಬೇಕು. ಅದಕ್ಕೆ ಮೊದಲು ಈ ಬರಹ ಮುಗಿಯಬೇಕು. ಆ ಮನೆಯಲ್ಲಿ ಅದು ಮುಗಿಯುವಂತೆ ನನಗೆ ಕಾಣಲಿಲ್ಲ.

ಮನೆ ನನ್ನ ಗಂಡನ ಅಣ್ಣಂದು. ಅಣ್ಣ ತಮ್ಮ ಇಬ್ಬರೂ ತೀರಿಕೊಂಡ ಮೇಲೆ ಅಣ್ಣನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಯಜಮಾನಿ. ನಾನು ಆಕೆಯನ್ನು ಅಕ್ಕಾ ಎನ್ನುತ್ತೇನೆ, ಮೊಮ್ಮಗಳು ದೊಡ್ಡಾಯಿ ಎನ್ನುತ್ತಾಳೆ. ಆಕೆಯ ಮಕ್ಕಳು, ಸೊಸೆಯಂದಿರು, ನನ್ನ ಮಗ, ಅವನ ಹೆಂಡತಿ, ಎಲ್ಲ ಒಂದೇ ಒಲೆ. ಬಂದವರಿಗೆ ಊಟ, ಹೋಗುವವರಿಗೆ ಬುತ್ತಿ. ಕೆಟ್ಟವರು ಯಾರೂ ಇಲ್ಲ ಆ ಮನೆಯಲ್ಲಿ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಆಮೇಲೆ ಯಾರೂ ಅಕ್ಕನನ್ನು ಬೈಯಬಾರದು.

ಅಲ್ಲಿನ ರೀತಿ ಏನೆಂದರೆ, ಯಾರನ್ನೂ ಒಂಟಿಯಾಗಿ ಕೂಡಲು ಬಿಡುವುದಿಲ್ಲ. ಒಂಟಿಯಾಗಿ ಕುಳಿತವರು ಸಿಟ್ಟಾಗಿರಬೇಕು, ಇಲ್ಲಾ ಜ್ವರ ಬಂದಿರಬೇಕು. ಮೊಮ್ಮಗಳು ಪುಸ್ತಕ ಹಿಡಿದು ಮೂಲೆ ಸೇರಿದರೆ ಸಾಕು, ಒಬ್ಬಳು ಹಣೆ ಮುಟ್ಟಿ ನೋಡುತ್ತಾಳೆ, ಇನ್ನೊಬ್ಬಳು ಚಹಾ ತರುತ್ತಾಳೆ, ಮತ್ತೊಬ್ಬಳು ಕೂಸನ್ನು ತಂದು ತೊಡೆಯ ಮೇಲೆ ಹಾಕುತ್ತಾಳೆ.

"ಅಯ್ಯ, ಒಬ್ಬಾಕಿನೇ ಯಾಕ ಕುಂತೀ? ಬಾ ಇಲ್ಲಿ, ಎಲ್ಲಾರ ನಡುವ ಕುಂತು ಓದು."

ಎಲ್ಲರ ನಡುವೆ ಕೂತರೆ ಓದು ಎಲ್ಲಿಯದು? ಅವಳು ಪುಸ್ತಕ ಮುಚ್ಚಿ, ಬೆರಳನ್ನು ಗುರುತಿಗೆ ಹಾಳೆಗಳ ನಡುವೆ ಇಟ್ಟುಕೊಂಡೇ ಕೂಸು ಆಡಿಸುತ್ತಿದ್ದಳು. ಸಂಜೆಗೆ ಬೆರಳು ಅದೇ ಹಾಳೆಯಲ್ಲಿ ಇರುತ್ತಿತ್ತು.

ಒಂದು ಮುಂಜಾನೆ ನಾನು ತೊಗರಿಬೇಳೆ ಹಸನು ಮಾಡುತ್ತಿದ್ದಾಗ ಕೇಳಿದೆ, "ಅಲ್ಲವಾ, ನೀ ಬರಿಯೋದಾದ್ರೂ ಏನು?"

ಅವಳ ಮುಖ ಅರಳಿತು. ಆಕಾಶದಲ್ಲಿ ಚುಕ್ಕಿಗಳು ಒಂದೊಂದೇ ಚೆಲ್ಲಿಲ್ಲವಂತೆ, ಊರು ಊರಾಗಿ ಇವೆಯಂತೆ. ಅದಕ್ಕೆ ಗೆಲಾಕ್ಸಿ ಅನ್ನುತ್ತಾರೆ. ದೊಡ್ಡ ಊರಿನ ಸುತ್ತ ಸಣ್ಣ ಊರುಗಳು ಸುತ್ತುತ್ತಿರುತ್ತವೆ. ದೂರದಲ್ಲಿ ತನ್ನಷ್ಟಕ್ಕೆ ಇರುವ ಸಣ್ಣ ಊರಿನಲ್ಲಿ ಹೊಸ ಚುಕ್ಕಿ ಹುಟ್ಟುತ್ತಲೇ ಇರುತ್ತವೆ. ಅಷ್ಟೇ ಗಾತ್ರದ ಇನ್ನೊಂದು ಸಣ್ಣ ಊರು ದೊಡ್ಡ ಊರಿನ ಗುಂಪಿಗೆ ಸೇರಿತೆಂದರೆ, ಬರುಬರುತ್ತಾ ಅಲ್ಲಿ ಹುಟ್ಟು ನಿಲ್ಲುತ್ತದೆ.

"ಮುಪ್ಪಾಗಿರಬೇಕು," ಎಂದೆ.

"ಹಂಗೂ ಅಂತಾರ ಆಯಿ. ಆದ್ರ ದೂರ ಇದ್ದದ್ದಕ್ಕೂ ಅಷ್ಟೇ ವಯಸ್ಸು. ಅದ್ಯಾಕ ಇನ್ನಾ ಹಡಿಯಾಕತ್ತದ?"

"ಏ ಖೋಡಿ, ಚುಕ್ಕಿ ಹಡಿತಾವೇನ?"

"ಹಡಿತಾವಾಯಿ. ತಣ್ಣನ ಅನಿಲ ಒಂದ್ಕಡೆ ಕೂಡಿ, ಒತ್ತೊತ್ತಿ, ಚುಕ್ಕಿ ಆಗ್ತದ. ಆ ಅನಿಲ ಇದ್ರ ಹುಟ್ಟು, ಇಲ್ಲಂದ್ರ ಇಲ್ಲ. ನೀ ರಾಶಿ ತೂರೋದು ನೋಡಿಯಲ್ಲ? ಗಾಳಿ ಹೊಟ್ಟು ಒಯ್ತದ, ಕಾಳು ಕೆಳಗ ಬೀಳ್ತದ. ಹಂಗ, ಗುಂಪಿನ ನಡುವ ಭಾಳ ತೆಳ್ಳನ, ಭಾಳ ಕಾವಿನ ಗಾಳಿ ಇರ್ತದ. ಸಣ್ಣದು ಅದ್ರಾಗ ಜೋರ್ಲೆ ಹೊಂಟ್ರ ಅದರ ಮೈಯಾಗಿನ ಅನಿಲ ಹಾರಿ ಹೋಗ್ತದ. ಇದ್ದ ಚುಕ್ಕಿ ಮಾತ್ರ ಹಂಗೇ ಉಳಿತಾವ."

"ಅಂದ್ರ ಕಸ್ಕೋತಾವ."

"ಒಂದು ದಾರಿ ಅದು. ಇನ್ನೊಂದು ಅದ. ಅದ್ರಾಗ ಯಾರೂ ಏನೂ ಕಸ್ಕೊಳ್ಳಂಗಿಲ್ಲ. ಹೊರಗಿಂದ ಬರೋ ಹೊಸಾ ಅನಿಲ ಬಂದ್ ಆಗ್ತದ, ಅಷ್ಟೇ. ಒಳಗ ಇದ್ದದ್ದು ಖರ್ಚು ಮಾಡ್ಕೋತ ಹೋಗ್ತದ. ನೋಡಿದವ್ರಿಗಿ ಎಲ್ಲಾ ಬರಾಬರ್ ಅದ ಅನಸ್ತದ. ಆಮ್ಯಾಗ ಒಂದಿನ ಖಾಲಿ."

ಎಳೆಯ ದೊಡ್ಡ ಚುಕ್ಕಿಗಳು ನೀಲಿಯಂತೆ, ಅವು ಬೇಗ ಸಾಯುತ್ತವೆ. ಕೆಂಪನೆಯವು ಬಹಳ ಬಾಳುತ್ತವೆ. ಅದಕ್ಕೇ ಹುಟ್ಟು ನಿಂತ ಊರು ದೂರದಿಂದ ಕೆಂಪಗೆ ಕಾಣುತ್ತದೆ. ಇದನ್ನೆಲ್ಲ ಅವಳು ಹೇಳುತ್ತಿದ್ದಳು, ನಾನು ಬೇಳೆ ಎಸೆದು ಕಲ್ಲನ್ನು ಮೊರದಲ್ಲಿ ಉಳಿಸುತ್ತಿದ್ದೆ. ಮನಸ್ಸು ಕಲ್ಯಾಣಕ್ಕೆ ಹೋಗಿಬಿಟ್ಟಿತ್ತು.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನಾವು ಕಲ್ಯಾಣದಲ್ಲಿದ್ದೆವು. ಐವತ್ತಾರನೆಯ ಇಸವಿ. ಮಗ ಶಾಲೆಗೆ ಹೋಗುತ್ತಿದ್ದ, ಉರ್ದು ಬೋರ್ಡು ಹೋಗಿ ಕನ್ನಡ ಬೋರ್ಡು ಬಂದಿತ್ತು. ಎರಡು ಖೋಲಿಯ ಮನೆ, ಮುಂದೆ ಬೇವಿನ ಗಿಡ. ಆ ಗಿಡದ ಕೆಳಗೆ ಕುಳಿತು ನಾನು ಕೌದಿ ಹೊಲಿಯುತ್ತಿದ್ದೆ. ಹಳೆಯ ಸೀರೆ, ಧೋತರ, ಕುಬಸದ ತುಣುಕು, ಮಕ್ಕಳ ಅಂಗಿ, ಇವನ್ನು ಪದರ ಪದರ ಹಾಸಿ, ಮೇಲೆ ಬಣ್ಣದ ಚೂರು ಕೂಡಿಸಿ, ಅಂಚಿನಿಂದ ನಡುವಿಗೆ ಸಾಲುಹೊಲಿಗೆ ಹಾಕಿ ಮಾಡುವ ಹೊದಿಕೆ. ಕೊನೆಯ ಮೂಲೆ ಮುಚ್ಚುವಾಗ ಒಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತೇವೆ. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ.

ಹೆಣ್ಣುಮಕ್ಕಳು ಓಣಿಯಿಂದ ಬರುತ್ತಿದ್ದರು, ಮಂಠಾಳದಿಂದ ಸಂತೆಗೆ ಬಂದವರೂ ಗಂಟು ಇಳಿಸಿ ಹೋಗುತ್ತಿದ್ದರು. "ನಮ್ಮತ್ತಿ ಸೀರಿ ಅದ, ನೆಪ್ಪಿಗಿ ಇರಲಿ, ಎದ್ದು ಕಾಣೂ ಹಂಗ ಹಾಕು" ಎಂದು ಒಬ್ಬಳು. ಇನ್ನೊಬ್ಬಳು ಬಸುರಿ ಮಗಳಿಗೆ. ನನ್ನ ಹತ್ತಿರ ಅರಿವೆ ಖಾಲಿ ಎಂಬುದೇ ಇರಲಿಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದು ಯಾವ ಬಣ್ಣದ್ದು ಎಂದು ಕಣ್ಣಿಗೆ ಕಟ್ಟುತ್ತಿತ್ತು. ನಿದ್ದೆಯಲ್ಲೂ ತುಣುಕು ಜೋಡಿಸುತ್ತಿದ್ದೆ.

ಕೆಲವು ವರ್ಷದ ಮೇಲೆ ಭಾವನವರು ಹುಮನಾಬಾದಿನಿಂದ ಬಂದರು. ಅವರದು ಕಾಳಿನ ಅಂಗಡಿ, ಚೆನ್ನಾಗಿ ನಡೆಯುತ್ತಿತ್ತು. "ಅಣ್ತಮ್ಮರಿಗಿ ಎರಡು ಒಲಿ ಯಾಕ?" ಎಂದರು. ಪ್ರೀತಿಯಿಂದಲೇ ಎಂದರು. ನಮ್ಮ ಮನೆಯವರಿಗೂ ಅಣ್ಣನೆಂದರೆ ದೇವರು. ಗಾಡಿಯಲ್ಲಿ ಸಾಮಾನು ಹೇರಿಕೊಂಡು ಹೊರಟೆವು, ನನ್ನ ಅರಿವೆಯ ಗಂಟುಗಳೇ ಅರ್ಧ ಗಾಡಿ ಇದ್ದವು. ಕಲ್ಯಾಣದ ಮನೆಗೆ ಬೀಗ ಬಿತ್ತು.

ಹೋದ ಮರುದಿನವೇ ಅಕ್ಕ ಗಂಟು ಬಿಚ್ಚಿದಳು. "ಅಬಾಬಾ, ಎಷ್ಟು ಅರಿವಿ ತಂದಿ! ಮನಿಗಿ ಬೇಕೇ ಆಗಿತ್ತು." ಒಂದು ಸೀರೆ ತೊಟ್ಟಿಲಿಗೆ, ಒಂದು ಹಪ್ಪಳದ ಡಬ್ಬಿ ಕಟ್ಟಲು, ಕಂದೀಲು ಒರೆಸಲು, ಬಿಸಿ ಪಾತ್ರೆ ಇಳಿಸಲು, ಬಾಣಂತಿಗೆ. ಎಲ್ಲರೂ ನಗುತ್ತಾ ಒಂದೊಂದು ಒಯ್ದರು, ನಾನೂ ನಗುತ್ತಲೇ ಕೊಟ್ಟೆ. ಕೊಡುವುದಿಲ್ಲ ಎನ್ನಲು ಅದು ನನ್ನದು ಎಂಬ ಮಾತೇ ಆ ಮನೆಯಲ್ಲಿ ಇರಲಿಲ್ಲ.

ಉಳಿದದ್ದು ಮಂಚದ ಕೆಳಗಿನ ಒಂದು ಟ್ರಂಕು. ಅದರಲ್ಲಿದ್ದುದನ್ನು ಹೊಲಿಯುತ್ತಾ ಕೆಲವು ವರ್ಷ ಕಳೆದೆ. ಹೊಸ ಅರಿವೆ ಬರಲಿಲ್ಲ. ದೊಡ್ಡ ಮನೆಯ ದೊಡ್ಡ ಬಾಗಿಲು ದಾಟಿ ಓಣಿಯ ಹೆಣ್ಣುಮಕ್ಕಳು ಗಂಟು ಹಿಡಿದು ಬರುತ್ತಾರೆಯೇ? ಆಗಷ್ಟೇ ಸ್ಟೀಲಿನ ಪಾತ್ರೆ ಬಂದಿದ್ದವು, ಬುಟ್ಟಿ ಹೊತ್ತ ಹೆಂಗಸು ಹಳೆಯ ಸೀರೆ ತೆಗೆದುಕೊಂಡು ಡಬ್ಬಿ, ತಾಟು ಕೊಡುತ್ತಿದ್ದಳು. ಮನೆಯ ಸೀರೆಯೆಲ್ಲ ಆಕೆಯ ಬುಟ್ಟಿಗೆ. ಟ್ರಂಕಿನ ತಳ ಕಂಡ ದಿನ ಯಾರಿಗೂ ಗೊತ್ತಾಗಲಿಲ್ಲ, ನನಗೂ ಅಳು ಬರಲಿಲ್ಲ. "ಆಕಿಗಿ ಈಗ ಕೈ ಸೋತಾವ, ಕಣ್ಣು ಮಂಜ ಆಗ್ಯಾವ" ಎಂದು ಅಕ್ಕ ಬೀಗರ ಮುಂದೆ ಹೇಳುವಾಗ ನಾನೂ ಹೌದೆಂದು ನಂಬಿದೆ. ಕೈ ಸೋತಿರಲಿಲ್ಲ. ಆಗ ನನಗೆ ನಲವತ್ತೂ ದಾಟಿರಲಿಲ್ಲ.

ಇದೆಲ್ಲವನ್ನೂ ಮೊಮ್ಮಗಳಿಗೆ ಹೇಳಿ, "ನಿನ್ನ ಆಕಾಶದಾಗೂ ಹಿಂಗೇ ಅಲ್ಲೇನ?" ಎಂದು ಉಬ್ಬಿ ಕೇಳಿದೆ.

ಅವಳು ನನ್ನ ಕೈ ನೋಡಿದಳು. "ಪೂರಾ ಹಂಗಲ್ಲ ಆಯಿ. ಅಲ್ಲಿ ಯಾರಿಗೂ ಮನಸ್ಸಿಲ್ಲ. ನಿನಗ ಇತ್ತು. ನೀ ಯಾಕ ಬ್ಯಾಡ ಅನ್ಲಿಲ್ಲ?"

ನಾನು ಬೇಳೆಯಲ್ಲಿ ಮತ್ತೆ ಕಲ್ಲು ಹುಡುಕಿದೆ.

ಅದಾದ ವಾರವೇ ಹಪ್ಪಳದ ದಿನ ಬಂತು. ವರ್ಷದ ಹಪ್ಪಳ, ಮನೆಯ ಹೆಂಗಸರೆಲ್ಲ ಮಾಳಿಗೆಯ ಮೇಲೆ. ಮೊಮ್ಮಗಳನ್ನೂ ಕರೆದರು, ಲಟ್ಟಣಿಗೆ ಕೊಟ್ಟರು. ಅವಳು ಸ್ವಲ್ಪ ಹೊತ್ತು ಲಟ್ಟಿಸಿ, ಈಗ ಬಂದೆ ಎಂದು ಕೆಳಗಿಳಿದಳು. ಹೋದವಳು ಕೂಗಿದಳು, "ಆಯಿ, ನನ್ನ ಹಾಳಿ ಎಲ್ಲಿ?"

ಮೇಷ್ಟ್ರು ಅವಳಿಗೆ ಆಕಾಶದ ಚಿತ್ರದ ದೊಡ್ಡ ಹಾಳೆಗಳನ್ನು ಕೊಟ್ಟಿದ್ದರು. ನೋಡಿ, ಬರೆದು, ಹಿಂತಿರುಗಿಸಬೇಕಾದ ಹಾಳೆಗಳು. ಅವುಗಳಲ್ಲಿ ಆಕಾಶ ಬಿಳಿ, ಚುಕ್ಕಿ ಕಪ್ಪು, ಫೋಟೊ ತೆಗೆಯುವವರ ನೆಗೆಟಿವ್ ಇರುತ್ತದಲ್ಲ, ಹಾಗೆ. ಒಂಟಿ ಊರು ಯಾವುದು, ಗುಂಪಿನದು ಯಾವುದು ಎಂದು ಅವಳು ಅವನ್ನು ನೋಡಿ ನೋಡಿ ವಹಿಯಲ್ಲಿ ನೀಲಿ ಕೆಂಪು ಪೆನ್ಸಿಲಿನಿಂದ ಗುರುತು ಮಾಡುತ್ತಿದ್ದಳು. ಗುರುತು ಅರ್ಧಕ್ಕೇ ನಿಂತಿತ್ತು.

ಹಾಳೆಗಳು ಮಾಳಿಗೆಯ ಮೇಲೇ, ನಮ್ಮ ಬೆನ್ನ ಹಿಂದಿನ ಮೂಲೆಯಲ್ಲಿದ್ದವು. ಒಂದರ ಪಕ್ಕ ಒಂದು ಹಾಸಿ, ಗಾಳಿಗೆ ಹಾರದಂತೆ ಮೂಲೆಗೆ ಕಲ್ಲಿಟ್ಟು, ಮೇಲೆ ಉದ್ದಿನ ಹಪ್ಪಳ ಒಣಗಲು ಹಾಕಿತ್ತು. ಹಪ್ಪಳದ ಎಣ್ಣೆ ಕಾಗದಕ್ಕೆ ಇಳಿದು, ದುಂಡನೆಯ ಕಲೆಯಾಗಿ, ಆಚೆಯ ನೆಲ ಕಾಣುವಷ್ಟು ತೆಳ್ಳಗಾಗಿತ್ತು.

ಅಕ್ಕ ಎದೆ ಬಡಿದುಕೊಂಡಳು. "ಮಸಿ ಸಿಡದ ಹಾಳಿ ಅಂತ ತಿಳ್ಕೊಂಡ್ನೆವ್ವಾ! ಮ್ಯಾಲೆಲ್ಲಾ ಕರಿ ಚುಕ್ಕಿ. ಚಂದ ಇದ್ದಿದ್ರ ನಾ ಮುಟ್ತಿದ್ನೇನು? ನಿನ್ನ ಓದು ಅಂದ್ರ ನನಗ ಬ್ಯಾರೇನು?"

ಸುಳ್ಳಲ್ಲ ಅದು. ಶುದ್ಧ ಬಿಳಿಯ ಹಾಳೆಯಾಗಿದ್ದರೆ ಆಕೆ ಕಣ್ಣಿಗೊತ್ತಿಕೊಂಡು ಮೇಲಿಡುತ್ತಿದ್ದಳು.

ಮೊಮ್ಮಗಳು ಕೂಗುತ್ತಾಳೆ, ಅಳುತ್ತಾಳೆ ಎಂದು ನಾನು ಕಾದೆ. ಅವಳು ನಕ್ಕಳು. "ಇರಲಿ ಬಿಡು ದೊಡ್ಡಾಯಿ" ಎಂದು ಕುಳಿತು ಲಟ್ಟಣಿಗೆ ಕೈಗೆತ್ತಿಕೊಂಡು ಹಪ್ಪಳ ಲಟ್ಟಿಸತೊಡಗಿದಳು. ದುಂಡಗೆ, ತೆಳ್ಳಗೆ, ಒಂದರ ಮೇಲೊಂದು. ಎಲ್ಲರೂ "ಎಷ್ಟು ಶಾಣ್ಯಾ ಹುಡುಗಿ" ಎಂದು ಹೊಗಳಿದರು. ಆ ನಗು ನನಗೆ ಗೊತ್ತು. ಆ ನಗು ನಕ್ಕವಳೇ ನಾನು.

ಊಟದ ಹೊತ್ತಿಗೆ ಎಲ್ಲರ ಎದುರಿಗೆ ಹೇಳಿದೆ, "ಅಕ್ಕಾ, ನಾ ಈಕಿನ ಕರ್ಕೊಂಡು ಕಲ್ಯಾಣಕ್ಕ ಹೋಗ್ತೀನ್ರಿ. ಬರಿಯೋದು ಮುಗಿಯೋತನ."

ಅಕ್ಕ ತಾಟು ಸರಿಸಿದಳು.

"ಯಾಕ? ಹಾಳಿ ಸಲುವಾಗಿ ಸಿಟ್ಟೇನ?"

"ಸಿಟ್ಟಲ್ರಿ."

"ಮತ್ತ? ಇಷ್ಟು ಮಂದಿ ತುಂಬಿದ ಮನಿ ಬಿಟ್ಟು, ಬೀಗ ಹಾಕಿದ ಮನ್ಯಾಗ ಇಬ್ರೇ ಕೂಡ್ತೀರಾ? ನಾಳಿ ಮಂದಿ ಏನಂತಾರ? ದೊಡ್ಡಾಕಿ ಹೊರಗ ಹಾಕಿದ್ಳು ಅಂತಾರ."

ಮಗ ನನ್ನತ್ತ ನೋಡಿದ. "ಯವ್ವಾ, ಓದಾಕ ಊರೇ ಬಿಡಬೇಕೇನು? ಇಲ್ಲೇನು ಕಮ್ಮಿ ಅದ?"

"ಕಮ್ಮಿ ಏನೂ ಇಲ್ಲಪ. ಭಾಳ ಅದ," ಎಂದೆ. "ನಿನ್ನ ಮಗಳು ಪಾಸಾಗಬೇಕೋ ಬ್ಯಾಡೋ ಅಷ್ಟೇ ಹೇಳು."

ಅವನು ತಲೆ ತಗ್ಗಿಸಿ ರೊಟ್ಟಿ ಮುರಿದ. ಬೇಡವೆನ್ನಲಿಲ್ಲ. ಅಕ್ಕ ಎದ್ದು ಒಳಗೆ ಹೋದಳು. ನಾವು ಹೊರಡುವವರೆಗೂ ಆಕೆ ನನ್ನ ಜೊತೆ ಮಾತಾಡಲಿಲ್ಲ. ಇಷ್ಟು ವರ್ಷದಲ್ಲಿ ಅದೇ ಮೊದಲು. ಬಸ್ಸಿನಲ್ಲಿ ನಾನು ಗೆದ್ದವಳ ಹಾಗೆ ಕುಳಿತಿದ್ದೆ, ಒಳಗೆ ಮಾತ್ರ ಕಳ್ಳತನ ಮಾಡಿದವಳ ಹಾಗಿತ್ತು.

ಕಲ್ಯಾಣದ ಮನೆಯಲ್ಲಿ ಜೇಡರ ಬಲೆ ಕಟ್ಟಿತ್ತು, ಒಂದು ಜಂತಿ ಬಾಗಿತ್ತು. ಕಸ ಗುಡಿಸಿ ಅವಳನ್ನು ಒಳಖೋಲಿಯಲ್ಲಿ ಕೂಡಿಸಿದೆ, ಹೊರಗೆ ನಾನು ಕುಳಿತೆ. ಬಂದವರಿಗೆಲ್ಲ ಅಂಗಳದಲ್ಲೇ ಚಹಾ. ಆದರೆ ಬೇರೆಯವರನ್ನು ತಡೆಯುವುದು ಸುಲಭ, ನನ್ನನ್ನು ತಡೆಯುವುದೇ ಕಷ್ಟವಾಯಿತು. ರೊಟ್ಟಿ ಬಿಸಿ ಇದೆ, ಕರೆಯಲೇ? ಬೆನ್ನು ಬಾಗಿಸಿ ಕುಳಿತಿದ್ದಾಳೆ, ಒತ್ತಲೇ? ಬಹಳ ಹೊತ್ತಾಯಿತು ಸದ್ದಿಲ್ಲ, ಹಣೆ ಮುಟ್ಟಿ ನೋಡಲೇ? ಮೊದಲ ದಿನ ನಾನೇ ಎಷ್ಟೋ ಸಲ ಬಾಗಿಲು ತಳ್ಳಿದೆ. ಕೊನೆಗೆ ಅವಳು ನಕ್ಕು, "ಆಯಿ, ದೊಡ್ಡ ಮನಿ ನಿನ್ನ ಹಿಂದೇ ಬಂದದ ನೋಡು" ಎಂದಳು. ನಾಚಿಕೆಯಾಗಿ ಬೇವಿನ ಗಿಡದ ಕೆಳಗೆ ಹೋಗಿ ಕುಳಿತೆ, ಮಧ್ಯಾಹ್ನದವರೆಗೂ ಒಳಗೆ ಬರಲಿಲ್ಲ.

ಅವಳು ಬರೆದಳು. ಹಾಳಾದ ಹಾಳೆಗಳನ್ನು ಬಿಸಿಲಿಗೆ ಹಿಡಿದು, ಎಣ್ಣೆ ಕಲೆಯ ನಡುವೆ ಉಳಿದಿದ್ದ ಚುಕ್ಕಿಗಳನ್ನು ಹುಡುಕಿದಳು. ಒಂಟಿ ಊರುಗಳ ಹಾಳೆ ಹೇಗೋ ಉಳಿದಿತ್ತು, ಗುಂಪಿನದರಲ್ಲೇ ಬಹಳ ಹೋಗಿತ್ತು. ಮೇಷ್ಟ್ರು ಏನೆನ್ನುತ್ತಾರೋ ಎಂದು ಒಮ್ಮೊಮ್ಮೆ ಪೆನ್ನು ಕೆಳಗಿಟ್ಟು ಗೋಡೆ ನೋಡುತ್ತಿದ್ದಳು. ಕೆಲಸಕ್ಕೇ ಬಾರದು ಎಂದುಬಿಟ್ಟರೆ? ಆ ಭಯ ನಮ್ಮಿಬ್ಬರ ನಡುವೆ ಮೂರನೆಯವಳ ಹಾಗೆ ಉಣ್ಣಲು ಕೂಡುತ್ತಿತ್ತು.

ಮುಗಿಸಿದ ದಿನ ಕೊನೆಯ ಹಾಳೆಯನ್ನು ನನಗೆ ನಮ್ಮ ಮಾತಿನಲ್ಲಿ ಹೇಳಿದಳು. ಗಾಳಿ ಅನಿಲ ಹಾರಿಸುವುದೂ ನಿಜ, ಹೊಸದು ಬರದೆ ಒಣಗುವುದೂ ನಿಜ, ಯಾವುದು ಎಷ್ಟು ಎಂದು ಇನ್ನೂ ಯಾರಿಗೂ ಖಚಿತವಿಲ್ಲ. ಆದರೆ ಬರೀ ಮುಪ್ಪಿನಿಂದಲ್ಲ, ಸಂಗದಿಂದಲೂ ಹುಟ್ಟು ನಿಲ್ಲುತ್ತದೆ.

"ಮತ್ತ ಹೊತ್ತತಾವೇನ? ಗುಂಪು ಬಿಟ್ಟು ಹೊರಗ ಬಂದ್ರ?"

"ಬರಾಕ ಆಗಂಗಿಲ್ಲ ಆಯಿ. ಸೆಳೆತ ಬಿಡಂಗಿಲ್ಲ."

ಅವಳು ಗುಲ್ಬರ್ಗಕ್ಕೆ ಹೋದಳು. ನಾನು ಹುಮನಾಬಾದಿಗೆ ಬಂದೆ. ಅಕ್ಕ "ಬಂದಿ?" ಎಂದಳು. "ಬಂದೆ" ಎಂದೆ. ಒಟ್ಟಿಗೆ ಜೋಳ ಕೇರಿದೆವು.

ಮೇಷ್ಟ್ರು ಹಾಳೆ ನೋಡಿ ಸಿಕ್ಕಾಪಟ್ಟೆ ಬೈದರಂತೆ. ಬೈದ ಮೇಲೆ ಬರಹ ಓದಿದರಂತೆ. ಎದುರು ನಿಂತು ಮಾತಾಡುವ ದಿನ ಒಬ್ಬರು, "ಗುಂಪಿನ ಚಿತ್ರ ಇಷ್ಟು ಕಡಿಮೆ ಯಾಕೆ?" ಎಂದು ಕೇಳಿದರಂತೆ. ಇವಳು ಹಪ್ಪಳದ ಕಥೆ ಮುಚ್ಚಿಡದೆ ಹೇಳಿ, ಹಾಗಾಗಿ ನನ್ನ ಮಾತು ಇಷ್ಟೇ ಚಿತ್ರಗಳಿಗೆ ಸಲ್ಲುತ್ತದೆ, ಇದಕ್ಕಿಂತ ಹೆಚ್ಚಿಗೆ ಹೇಳಲಾರೆ ಎಂದಳಂತೆ. ಪಾಸಾದಳು! ನನ್ನ ಕೂಸು ಪಾಸಾದಳು! ಓಣಿಗೆಲ್ಲ ಪೇಢೆ ಹಂಚಿದವಳು ನಾನಲ್ಲ, ಅಕ್ಕ. "ನಮ್ಮ ಹುಡುಗಿ, ನಮ್ಮ ಹುಡುಗಿ" ಎಂದು ಹುಡಗಿ ಎಂಬ ಊರಿನಲ್ಲಿರುವ ಬೀಗರಿಗೂ ಹೇಳಿಕಳಿಸಿದಳು.

ಮುಂದಿನ ಓದಿಗೆ ಹೋಗುವ ಮಾತು ಬಂದಾಗ ಮಗ ಅಕ್ಕನ ಮುಖ ನೋಡಿದ. ಆಕೆ ಹೂಂ ಎನ್ನದೆ ಆ ಮನೆಯಲ್ಲಿ ಏನೂ ಆಗದು. ಅಕ್ಕ ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು ಮೊಮ್ಮಗಳನ್ನು ಹತ್ತಿರ ಕರೆದಳು.

"ಅದೇನೋ ಬರದಿ ಅಂತಲ್ಲ, ದೊಡ್ಡದರ ಸುತ್ತ ಸಣ್ಣವು. ಸಣ್ಣದ್ರಾಗ ಹುಟ್ಟು ನಿಂತದ್ದು ದೊಡ್ಡದಕ್ಕ ಗೊತ್ತಿರ್ತದೇನು?"

"ಇಲ್ಲ ದೊಡ್ಡಾಯಿ. ಗೊತ್ತಿರಂಗಿಲ್ಲ."

ಅಕ್ಕ ನನ್ನತ್ತ ನೋಡಲಿಲ್ಲ. ಆಮೇಲೆ ನನ್ನ ಮಗನಿಗೆ, "ಹೋಗ್ಲಿ ಬಿಡಪ. ದೂರ ಇದ್ದು ಓದ್ಲಿ" ಎಂದಳು.

ಹುಮನಾಬಾದಿನ ಬಸ್ ನಿಲ್ದಾಣಕ್ಕೆ ಇಡೀ ಮನೆಯೇ ಬಂದಿತ್ತು. ಅವಳು ಕಿಟಕಿಯ ಹತ್ತಿರ ಕುಳಿತಳು. ಎಲ್ಲರೂ ಒಂದೇ ಸಲ ಕೂಗುತ್ತಿದ್ದರು, ಹಬ್ಬಕ್ಕೆ ಬಾ, ಅಮಾಸೆಗೆ ಬಾ, ಕೂಸಿನ ಜವಳದ ಕೂದಲು ತೆಗೆಸುವಾಗ ತಪ್ಪಬೇಡ. ಬಸ್ಸು ಅಲುಗಿತು. ಪ್ರತಿ ಶನಿವಾರ ಬಂದು ಹೋಗು ಎನ್ನಲು ನಾನೂ ಬಾಯಿ ತೆರೆದೆ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಹೋಗು, ಹೋಗು ಎಂದು ಸನ್ನೆ ಮಾಡಿದೆ.